ನೀಲಕ್ಕನ ಎಡಗೈ ಆಟ

ಟಪ್. ಮತ್ತೆ — ಟಪ್.

ರಬ್ಬರ್ ರಿಂಗು ಗಾಳಿಯಲ್ಲಿ ತಿರುಗುತ್ತಾ ಬಂದು ಅಂಗೈಗೆ ಬಡಿಯುವ ಸದ್ದು ಅದು. ರಾಜಾಜಿನಗರದ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ, ಗಂಡಸರೆಲ್ಲ ಫ್ಯಾಕ್ಟರಿಗೂ ಅಂಗಡಿಗೂ ಹೊರಟ ಮೇಲೆ, ಬೆಳಗಿನ ಒಂಬತ್ತರ ಹೊತ್ತಿಗೆ ಶುರುವಾಗುತ್ತಿತ್ತು. ಐವತ್ತು ವರ್ಷದ ಹತ್ತಿರ ಆಯಿತು. ಆ ಸದ್ದನ್ನು ನಿಲ್ಲಿಸಿದವಳು ನಾನು. ಕಾಯಿಲೆಯ ಮೇಲೆ ಹಾಕಿ ಇಷ್ಟು ವರ್ಷ ಕಳೆದೆ, ಆದರೆ ನಿಲ್ಲಿಸಿದವಳು ನಾನೇ. ಡಾಕ್ಟರು ಇಂಗ್ಲಿಷಿನಲ್ಲಿ "ಆಡಲಿ" ಎಂದದ್ದನ್ನು, ಇಂಗ್ಲಿಷ್ ಬಾರದ ನನ್ನ ಓರಗಿತ್ತಿಗೆ "ಬೇಡವಂತೆ" ಎಂದು ಹೇಳಿದೆ.

ವಿಷಯ ಇಷ್ಟೇ. ಎರಡು ಸಾಲಿನಲ್ಲಿ ಮುಗಿಯಿತು ನೋಡಿ. ಆದರೆ ಇದನ್ನು ಗಂಡನಿಗೆ ಹೇಳಲಿಲ್ಲ, ಮಕ್ಕಳಿಗೆ ಹೇಳಲಿಲ್ಲ. ಕಾನ್ವೆಂಟಿನಲ್ಲಿ ಓದಿದವಳು ನಾನು. ಜೊತೆಯ ಕ್ರಿಶ್ಚಿಯನ್ ಹುಡುಗಿಯರು ಶನಿವಾರ ಚಾಪೆಲ್‌ಗೆ ಹೋಗಿ, ಮರದ ಜಾಲರಿಯ ಆಚೆ ಕೂತ ಫಾದರ್‌ಗೆ ತಪ್ಪು ಹೇಳಿಕೊಂಡು, ಲಂಗ ಕೊಡವಿಕೊಂಡು ಹಗುರಾಗಿ ಹೊರಗೆ ಬರುತ್ತಿದ್ದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಾನು ಹೊರಗೆ ಬೆಂಚಿನ ಮೇಲೆ ಕೂತು ಹೊಟ್ಟೆಕಿಚ್ಚು ಪಡುತ್ತಿದ್ದೆ. ನಮಗೆ ಅಂಥ ಜಾಲರಿ ಇರಲಿಲ್ಲ. ಈ ಹಾಳೆಯನ್ನೇ ಈಗ ಜಾಲರಿ ಅಂದುಕೊಂಡಿದ್ದೇನೆ.

ಈಗ ಯಾಕೆ ಅಂತೀರಾ? ನಾನಿರುವುದು ಆರ್‌ಪಿಸಿ ಲೇಔಟಿನ ಒಂದು ಫ್ಲ್ಯಾಟಿನಲ್ಲಿ. ಹೋದ ತಿಂಗಳು ಬಟ್ಟೆ ಒಣಹಾಕಲು ಟೆರೇಸಿಗೆ ಹೋದರೆ, ಮೇಲಿನ ಮನೆಯ ಹುಡುಗಿ — ಹುಡುಗಿ ಎಂದರೆ ನಲವತ್ತರ ಹತ್ತಿರ — ತಲೆಗೆ ಹಳದಿ ಸ್ಕಾರ್ಫ್ ಕಟ್ಟಿಕೊಂಡು ಗಂಡನ ಜೊತೆ ಶಟಲ್ ಆಡುತ್ತಿದ್ದಳು. ತನಗೆ ಕೀಮೋ ನಡೆಯುತ್ತಿದೆ ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ತಾನೇ ಹೇಳುವವಳು. ನನ್ನನ್ನು ಕಂಡು ಕೂಗಿದಳು: "ಆಂಟಿ, ಇದು ನನ್ ಗುಡ್ ವೀಕು! ಬನ್ನಿ, ಇವ್ರನ್ನ ಸೋಲ್ಸೋಣ!"

ಬಕೆಟ್ಟನ್ನು ಅಲ್ಲೇ ಬಿಟ್ಟು ಕೆಳಗೆ ಬಂದುಬಿಟ್ಟೆ. ಒದ್ದೆ ಬಟ್ಟೆ ಸಾಯಂಕಾಲದವರೆಗೂ ಅದರಲ್ಲೇ ಇತ್ತು.

ನೀಲಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ತಿಪಟೂರಿನವಳು. ಹೈಸ್ಕೂಲಿನಲ್ಲಿದ್ದಾಗ ರಿಂಗ್ ಆಟದಲ್ಲಿ ಜಿಲ್ಲೆಗೇ ಮೊದಲು ಬಂದಿದ್ದಳು; ಬಹುಮಾನ ಬಂದ ವರ್ಷವೇ ಮದುವೆ. ನಾನು ಆ ಮನೆಗೆ ಕಾಲಿಟ್ಟಾಗ ಅವಳಿಗೆ ಮೂವತ್ತು ದಾಟಿತ್ತು, ಮಕ್ಕಳಿರಲಿಲ್ಲ. ಅವಳ ಎದುರಿಗೆ "ನೀವು" ಅನ್ನುತ್ತಿದ್ದೆ. ಮನಸ್ಸಿನಲ್ಲಿ ಯಾವಾಗಲೂ "ನೀನು". ಒಲೆ ಹಚ್ಚಲೂ ಬಾರದ ನನ್ನನ್ನು ಅತ್ತೆಯ ಬಾಯಿಂದ ಕಾಪಾಡಿದವಳು ಅವಳು. ನಾನು ಸೀಯಿಸಿದ ಪಲ್ಯವನ್ನು "ನಾನೇ ಅತ್ತೆ, ಮರೆತ್‌ಬಿಟ್ಟೆ" ಎಂದು ತನ್ನ ಮೇಲೆ ಹಾಕಿಕೊಳ್ಳುತ್ತಿದ್ದಳು. ಕಾನ್ವೆಂಟಿನಲ್ಲಿ ಇಂಗ್ಲಿಷ್ ಭಾಷಣಕ್ಕೆ ಗೆದ್ದ ನನ್ನ ಎಲೊಕ್ಯೂಷನ್ ಪ್ರೈಜುಗಳಿಂದ ಆ ಮನೆಗೆ ಏನೂ ಆಗಬೇಕಾಗಿರಲಿಲ್ಲ. ಕರೆಂಟ್ ಬಿಲ್ಲು ಓದುವುದು, ಫ್ಯಾಕ್ಟರಿಯಿಂದ ಬಂದ ನೋಟೀಸು ಓದುವುದು — ಅಷ್ಟಕ್ಕೆ ನನ್ನ ಇಂಗ್ಲಿಷ್.

ಖಾಲಿ ಸೈಟಿನಲ್ಲಿ ಎರಡು ಗೂಟಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ನನಗೆ ಆಟ ಕಲಿಸಿದವಳೂ ಅವಳೇ. ರಿಂಗನ್ನು ಒಂದೇ ಕೈಯಲ್ಲಿ ಹಿಡಿಯಬೇಕು, ಹಿಡಿದ ಕೈಯಿಂದಲೇ ತಕ್ಷಣ ಆಚೆಗೆ ಎಸೆಯಬೇಕು. ಇನ್ನೊಂದು ಕೈ ತಾಗಿದರೆ ಫೌಲು. ಹಿಡಿದುಕೊಂಡು ನಿಂತರೂ ಫೌಲು. "ಬಂದಿದ್ದನ್ನ ಇಟ್ಕೋಬಾರ್ದು ಕಣೇ, ಅಷ್ಟೇ ಆಟ" ಎನ್ನುತ್ತಿದ್ದಳು.

ಎಪ್ಪತ್ತರ ದಶಕದ ನಡುವಿನ ಒಂದು ಡಿಸೆಂಬರಿನಲ್ಲಿ ಅವಳ ಬಲಗಡೆಯ ಎದೆಯನ್ನು ತೆಗೆದರು. ಮನೆಯಲ್ಲಿ ಕ್ಯಾನ್ಸರ್ ಎಂಬ ಶಬ್ದವನ್ನು ಯಾರೂ ಆಡಲಿಲ್ಲ. "ಗಡ್ಡೆ" ಎಂದೆವು. ಗಡ್ಡೆ ತೆಗೆದಾಯಿತು, ಇನ್ನು ಬೇರು ಹೋಗಲು ಇಂಜೆಕ್ಷನ್ನು, ನಾಲ್ಕು ವಾರಕ್ಕೊಂದು ಸಲ, ಒಟ್ಟು ಆರು. ಡಾಕ್ಟರು ಉತ್ತರದ ಕಡೆಯವರು, ಕನ್ನಡ ಬರುತ್ತಿರಲಿಲ್ಲ. ಭಾವನವರಿಗೆ ಆಸ್ಪತ್ರೆಯ ವಾಸನೆಗೇ ತಲೆ ಸುತ್ತುತ್ತಿತ್ತು. ಕಾರಿಡಾರಿನಲ್ಲಿ ಕಂಬ ಹಿಡಿದು ನಿಂತಿರುತ್ತಿದ್ದರು. ಹಾಗಾಗಿ ಒಳಗೆ ಹೋಗುತ್ತಿದ್ದವಳು ನಾನು. ಅವಳು ಕನ್ನಡದಲ್ಲಿ ಕೇಳುವುದು, ನಾನು ಇಂಗ್ಲಿಷಿಗೆ ತಿರುಗಿಸುವುದು. ಅವರು ಹೇಳಿದ್ದನ್ನು ಕನ್ನಡಕ್ಕೆ ತರುವುದು. ಕೊನೆಗೂ ನನ್ನ ಇಂಗ್ಲಿಷ್ ಒಂದು ಕೆಲಸಕ್ಕೆ ಬಂತು ಎಂದು ಅತ್ತೆ ನಾಲ್ಕು ಮನೆಗೆ ಹೇಳಿಕೊಂಡು ಬಂದರು.

ಇಂಜೆಕ್ಷನ್ ಆದ ಮೇಲೆ ಒಂದು ವಾರ, ಹತ್ತು ದಿನ — ಅದನ್ನು ಬರೆಯುವುದು ಬೇಡ. ಕಾಫಿಪುಡಿಯ ವಾಸನೆಗೂ ವಾಂತಿ. ಆಮೇಲೆ ಒಂದು ಬೆಳಿಗ್ಗೆ ಎದ್ದು "ಹುಣಸೆಹಣ್ಣಿನ ಗೊಜ್ಜು ಮಾಡ್ತೀಯೇನೇ?" ಎಂದರೆ, ಒಳ್ಳೆಯ ದಿನಗಳು ಶುರು ಎಂದು ಅರ್ಥ. ಮತ್ತೆ ಆಸ್ಪತ್ರೆಗೆ ಹೋಗುವವರೆಗೆ ಎರಡೂವರೆ ವಾರ, ಕೆಲವು ಸಲ ಒಂದೆರಡು ದಿನ ಹೆಚ್ಚು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖುಗಳಿಗೆಲ್ಲ ಅವಳು ಸೀಸದಕಡ್ಡಿಯಲ್ಲಿ ಒಂದೊಂದು ಸುತ್ತು ಹಾಕುತ್ತಿದ್ದಳು — ಪುಟ್ಟ ಪುಟ್ಟ ರಿಂಗುಗಳು. "ನನ್ ರಜಾ ಇವು" ಎನ್ನುತ್ತಿದ್ದಳು.

ಬಲಗೈ ಭುಜದ ಮಟ್ಟಕ್ಕೂ ಏಳುತ್ತಿರಲಿಲ್ಲ, ಊದಿಕೊಂಡಿತ್ತು. ಎರಡನೆಯ ಇಂಜೆಕ್ಷನ್ ಆದ ಮೇಲಿನ ರಜೆಯಲ್ಲಿ ಒಂದು ದಿನ ಹಿತ್ತಲಿನಲ್ಲಿ ಸದ್ದು ಕೇಳಿ ನೋಡಿದರೆ, ಕಾಂಪೌಂಡು ಗೋಡೆಗೆ ರಿಂಗು ಎಸೆದು ಹಿಡಿಯುತ್ತಿದ್ದಾಳೆ — ಎಡಗೈಯಲ್ಲಿ. ಹತ್ತಕ್ಕೆ ಎಂಟು ಸಲ ಬೀಳುತ್ತಿತ್ತು. ಬಗ್ಗಿ ಎತ್ತುವುದು, ಮತ್ತೆ ಎಸೆಯುವುದು. ತಲೆಯ ಸೆರಗು ಜಾರಿತ್ತು. ನಮ್ಮ ಮನೆಗಳಲ್ಲಿ ಹೆಂಗಸರು ತಲೆಯ ಮೇಲೆ ಸೆರಗು ಹೊದೆಯುವುದು ರೂಢಿ, ಹಾಗಾಗಿ ಅವಳ ಕೂದಲು ಉದುರಿದ್ದು ಬೀದಿಗೆ ಗೊತ್ತಾಗಿರಲಿಲ್ಲ. ನನ್ನನ್ನು ಕಂಡು ಸೆರಗು ಎಳೆದುಕೊಳ್ಳಲಿಲ್ಲ. "ನೋಡ್ತಾ ನಿಂತಿದೀಯಲ್ಲ, ಬಾರೇ! ಗೋಡೆ ಜೊತೆ ಎಷ್ಟೂಂತ ಆಡ್ಲಿ?" ಎಂದಳು.

ಮಾರ್ಚ್ ಹೊತ್ತಿಗೆ ಅವಳ ಎಡಗೈ ನನ್ನ ಬಲಗೈಯನ್ನು ಸೋಲಿಸುತ್ತಿತ್ತು. ಸುಳ್ಳಲ್ಲ. ತಲೆಗೆ ನನ್ನ ಹಳೆಯ ನೀಲಿ ಸ್ಕಾರ್ಫು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಅತ್ತೆ ಕಿಟಕಿಯಲ್ಲಿ ಕೂತು "ಈ ವಯಸ್ನಲ್ಲಿ ಹುಡುಗೀರ ಥರಾ ನೆಗೀತಾವೆ, ನೋಡ್ದೋರು ಏನಂದಾರು" ಎಂದು ಬೈಯುತ್ತಲೇ ಪಾಯಿಂಟ್ ಎಣಿಸುತ್ತಿದ್ದರು. ಒಂದು ದಿನ ನನ್ನ ಲೆಕ್ಕ ತಪ್ಪಿದಾಗ ಒಳಗಿನಿಂದಲೇ ಕೂಗಿದರು: "ಹದಿನೇಳು ಕಣೇ, ಹದ್ನೆಂಟಲ್ಲ! ಮೈ ಸರಿ ಇಲ್ದೋಳ ಹತ್ರ ಮೋಸ ಮಾಡ್ತೀಯಾ?" ನೀಲಕ್ಕ ನಗುತ್ತಾ ಮಣ್ಣಿನ ಮೇಲೇ ಕೂತುಬಿಟ್ಟಳು. ಅಂಥ ದಿನಗಳು. ಅವುಗಳಲ್ಲಿ ಅವಳು ಯಾರ ಪೇಷಂಟೂ ಆಗಿರಲಿಲ್ಲ.

ನಮ್ಮ ಬ್ಲಾಕಿನ ಮಹಿಳಾ ಸಮಾಜದಲ್ಲಿ ಏಪ್ರಿಲ್ ನಡುವೆ ವಾರ್ಷಿಕೋತ್ಸವ. ರಂಗೋಲಿ, ಹಾಡು, ಜೊತೆಗೆ ರಿಂಗ್ ಡಬಲ್ಸ್. ಆ ತಾರೀಖು ಕ್ಯಾಲೆಂಡರಿನಲ್ಲಿ ಅವಳ ಸುತ್ತುಗಳ ಒಳಗೇ ಬರುತ್ತಿತ್ತು. "ಹೆಸರು ಕೊಟ್ಬಿಡೇ ನಮ್ದು. ಒಂದ್ಸಲ ಎಲ್ರ ಮುಂದೆ ಆಡ್ಬೇಕು ಕಣೇ. ಬೀದೀಲಿ ಹೋದ್ರೆ ಅಯ್ಯೋ ಪಾಪ ಅಂತ ನೋಡ್ತಾರಲ್ಲ — ಅವ್ರ ಮುಂದೆ." ಅವಳು ನನ್ನನ್ನು ಕೇಳಿದ್ದು ಅದೊಂದೇ.

ಹೆಸರು ಕೊಡಲು ಸೆಕ್ರೆಟರಿ ವಿಮಲಾ ಅವರ ಮನೆಗೆ ಹೋದೆ. ಆಫೀಸರ ಹೆಂಡತಿ. ಇಡೀ ಬ್ಲಾಕಿನಲ್ಲಿ ನನ್ನ ಜೊತೆ ನಡುನಡುವೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವರು ಅವರೊಬ್ಬರೇ. ಅವರ ವೆರಾಂಡದ ಬೆತ್ತದ ಕುರ್ಚಿಯಲ್ಲಿ ಕೂತರೆ ನಾನು ಮತ್ತೆ ಕಾನ್ವೆಂಟಿನ ಹುಡುಗಿ — ಕರೆಂಟ್ ಬಿಲ್ಲು ಓದುವ ಕಿರಿಸೊಸೆ ಅಲ್ಲ. ಅದಕ್ಕೆ ನಾನು ಎಷ್ಟು ಹಸಿದಿದ್ದೆ ಎಂದು... ಅದೂ ನೆಪವೇ. ಬಿಡಿ.

ಅವರು ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದರು. "ನಂಗೇನೂ ಇಲ್ಲಪ್ಪಾ. ಆದ್ರೆ ಮೆಂಬರ್ಸ್ ಕೇಳ್ತಾ ಇದಾರೆ. ಎಲ್ರೂ ಅದೇ ರಿಂಗ್ ಹಿಡೀಬೇಕಲ್ವಾ? ಬೆವರು ಗಿವರು... ಆ ಕಾಯಿಲೆ ಹೇಗೆ ಬರುತ್ತೋ ಯಾರಿಗ್ಗೊತ್ತು. ಯೂ ಆರ್ ಎಜುಕೇಟೆಡ್. ಅವ್ರಿಗೆ ನೋವಾಗ್ದೆ ಇರೋ ಹಾಗೆ ನೀನೇ ಹೇಳು." ಒಂದು ಕ್ಷಣ ಬಿಟ್ಟು, "ನೀನು ನನ್ ಜೊತೆ ಆಡು. ಕಪ್ ನಮ್ದೇ" ಎಂದರು.

ಅದು ಅಂಟುವ ಕಾಯಿಲೆಯಲ್ಲ ಎಂದು ನನಗೆ ಗೊತ್ತಿತ್ತು. ಮೊದಲ ದಿನವೇ ಡಾಕ್ಟರನ್ನು ಕೇಳಿದ್ದೆ, ಅತ್ತೆಗಾಗಿ. ಒಂದು ವಾಕ್ಯ ಸಾಕಿತ್ತು — ಕನ್ನಡದಲ್ಲೋ ಇಂಗ್ಲಿಷಿನಲ್ಲೋ. ನಾನು ಬಿಸ್ಕತ್ತು ತೆಗೆದುಕೊಂಡೆ. "ಐ ಅಂಡರ್‌ಸ್ಟ್ಯಾಂಡ್" ಎಂದೆ.

ಅದಾಗಿ ನಾಲ್ಕನೆಯ ದಿನ, ಮಾರ್ಚ್ ಕೊನೆಯಲ್ಲಿ, ನಾಲ್ಕನೆಯ ಇಂಜೆಕ್ಷನ್ನು. ಡಾಕ್ಟರು ಗಾಯ ನೋಡಿ, ಕೈ ಎತ್ತಿಸಿ ನೋಡಿ, ಚೀಟಿ ಬರೆಯುತ್ತಿದ್ದರು. ನೀಲಕ್ಕ ನನ್ನ ಮೊಣಕೈ ತಿವಿದಳು. "ಕೇಳೇ. ಮ್ಯಾಚ್ ಆಡ್ಬೋದಾ ಅಂತ ಕೇಳು. ಎಡಗೈಲಿ ಅಂತ ಹೇಳು, ಮರೀಬೇಡ."

ಕೇಳಿದೆ. ಸರಿಯಾಗಿಯೇ ಕೇಳಿದೆ — ಎಡಗೈ ಎಂದೂ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು, ಅವಳ ಮುಖ ನೋಡಿ ನಕ್ಕರು. ದೊಡ್ಡ ನಗು. "ಲೆಫ್ಟ್ ಹ್ಯಾಂಡ್? ವಂಡರ್‌ಫುಲ್! ಬೈ ಆಲ್ ಮೀನ್ಸ್, ಲೆಟ್ ಹರ್ ಪ್ಲೇ." ಖಂಡಿತ ಆಡಲಿ, ಮೈ ಚೆನ್ನಾಗಿರುವ ದಿನಗಳು ಅವಳವೇ, ಮನಸ್ಸಿಗೆ ಬಂದದ್ದು ಮಾಡಲಿ, ನನ್ನ ಔಷಧಿ ಮಾಡದ್ದನ್ನು ಅದು ಮಾಡುತ್ತದೆ — ಇಷ್ಟೂ ಹೇಳಿದರು.

ನೀಲಕ್ಕ ಅವರ ನಗುವನ್ನೇ ನೋಡುತ್ತಾ, ತಾನೂ ಅರ್ಧ ನಗುತ್ತಾ, ನನ್ನ ಕಡೆ ತಿರುಗಿದಳು.

"ಬೇಡವಂತೆ" ಎಂದೆ.

ಟ್ರೇ ಹಿಡಿದು ನಿಂತಿದ್ದ ಕೇರಳದ ನರ್ಸಿಗೆ ಅಷ್ಟಿಷ್ಟು ಕನ್ನಡ ಬರುತ್ತಿತ್ತು. ತಲೆ ಎತ್ತಿ ನನ್ನನ್ನು ನೋಡಿದಳು. ಮತ್ತೆ ಟ್ರೇಯ ಕಡೆ ನೋಡಿದಳು. ಅವಳ ಮನೆಯ ವಿಷಯವಲ್ಲ ಅದು.

ವಾಪಸು ಬರುವಾಗ ಆಟೋದಲ್ಲಿ ಭಾವ ಮುಂದೆ ಡ್ರೈವರನ ಪಕ್ಕ ಮುದುಡಿ ಕೂತಿದ್ದರು. ಮಾಗಡಿ ರಸ್ತೆಗೆ ಬಂದಾಗ ಅವಳು ಕೇಳಿದಳು: "ನಕ್ಕೊಂಡು ಹೇಳಿದ್ರಲ್ಲೇ... ಬೇಡ ಅನ್ನೋದನ್ನ?"

"ಅವರು ಹಾಗೇ ಅಕ್ಕ. ಪೇಷಂಟ್ಸ್ ಹೆದರ್ಬಾರ್ದು ಅಂತ."

ಎಷ್ಟು ಬೇಗ ಬಂತು ಆ ಉತ್ತರ! ಸ್ಟೇಜಿನ ಮೇಲೆ ನಿಂತು ಬಾಯಿಪಾಠ ಒಪ್ಪಿಸಿದ ಹಾಗೆ. "ಹಾಗಾದ್ರೆ ಹೆದರೋ ಅಂಥದ್ದು ಏನೋ ಇದೆ ಅನ್ನು" ಎಂದಳು, ಮೆಲ್ಲಗೆ. ನನ್ನ ಸುಳ್ಳು ಇಷ್ಟು ದೂರ ಹೋಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಅಲ್ಲೇ ಹೇಳಬಹುದಿತ್ತು. ಆಟೋ ನಮ್ಮ ಬೀದಿಗೆ ತಿರುಗಿತು.

ಏಪ್ರಿಲಿನಲ್ಲಿ ನಾನು ವಿಮಲಾ ಜೊತೆ ಆಡಿದೆ. ನೀಲಕ್ಕ ನೋಡಲು ಬಂದಳು — ಸಮಾಜದ ಹಾಲಿನ ಹೊರಗೆ ಮಡಚುವ ಕುರ್ಚಿಯಲ್ಲಿ, ಎಲ್ಲರಿಗಿಂತ ಸ್ವಲ್ಪ ದೂರ. ದೂರ ಹಾಕಿದ್ದು ಯಾರು ಎಂದು ನಾನು ಕೇಳಲಿಲ್ಲ. ಸೆರಗನ್ನು ಹಣೆಯವರೆಗೂ ಎಳೆದುಕೊಂಡಿದ್ದಳು. ಎರಡು ಸಲ ಜೋರಾಗಿ ಕೂಗಿದಳು: "ಎಡಕ್ಕೆ ಬಿಡೇ! ಎಡಗಡೆ ಖಾಲಿ ಇದೆ!" ಮೊದಲ ಸುತ್ತಿನಲ್ಲೇ ಸೋತೆವು. ಇಪ್ಪತ್ತೊಂದಕ್ಕೆ ಒಂಬತ್ತು. ವಿಮಲಾ ಮುಖ ಒರೆಸಿಕೊಂಡು, ಬ್ಯಾಡ್ ಲಕ್ ಎಂದು ಹೋದರು. ಅದಾದ ಮೇಲೆ ಅವರ ವೆರಾಂಡಕ್ಕೆ ನನ್ನನ್ನು ಹೆಚ್ಚು ಕರೆಯಲಿಲ್ಲ.

ಮನೆಗೆ ನಡೆದುಬರುವಾಗ ನೀಲಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. "ಹೋಗ್ಲಿ ಬಿಡು. ನೀನು ರಿಂಗ್ ನೋಡ್ತಾ ಇರ್ಲಿಲ್ಲ ಕಣೇ, ಜನಾನ ನೋಡ್ತಾ ಇದ್ದೆ" ಎಂದಳು. ಬೈಗುಳವಲ್ಲ ಅದು, ಆಟ ಕಲಿಸಿದವಳ ಮಾತು. ಇವತ್ತಿಗೂ ಕೆಲವು ಬೆಳಗಿನ ಹೊತ್ತು ಆ ಮಾತಿಗೇ ಎಚ್ಚರವಾಗುತ್ತದೆ.

ಆಮೇಲಿನ ಒಳ್ಳೆಯ ದಿನಗಳು... ಬಂದವು. ನಾಲಗೆಗೆ ರುಚಿ ಬಂತು, ಗೊಜ್ಜು ಕೇಳಿದಳು. ಆದರೆ ಮೆಟ್ಟಿಲು ಹತ್ತುವಾಗ ಎದೆಯ ಮೇಲೆ ಕೈ ಇಟ್ಟುಕೊಳ್ಳತೊಡಗಿದಳು. ನೀರಿನ ಕೊಡ ಎತ್ತಲು ಹೆದರಿದಳು. ಅತ್ತೆ "ಯಾಕೇ, ಆಟ ಬಿಟ್ಬಿಟ್ರಾ?" ಎಂದು ಕೇಳಿದರೆ "ಡಾಕ್ಟ್ರು ಬೇಡ ಅಂದಿದಾರೆ" ಎನ್ನುತ್ತಿದ್ದಳು. "ಆಟ ಬೇಡ ಅಂದ್ರೆ ಹಾರ್ಟಿಗೇನಾದ್ರೂ ಇಳಿದಿದೆಯೇನೇ ಗಡ್ಡೆ?" ಎಂದು ಒಮ್ಮೆ, ಅಕ್ಕಿ ಆರಿಸುತ್ತಾ, ತಲೆ ಎತ್ತದೆ ನನ್ನನ್ನು ಕೇಳಿದಳು. ಇಲ್ಲ ಎಂದೆ. ಅವಳು ನಂಬಲಿಲ್ಲ — ಡಾಕ್ಟರು ಹೇಳಿದ್ದೆಂದು ನಾನೇ ತಂದುಕೊಟ್ಟ ಮಾತನ್ನು ನಂಬಿದ್ದಳಲ್ಲ! ಮೂವತ್ತಾರಕ್ಕೇ ಮುದುಕಿಯ ಹಾಗೆ ಗೋಡೆ ಹಿಡಿದು ನಡೆಯತೊಡಗಿದಳು. ಕಾಯಿಲೆಗೆ ಸೇರದ ಒಂದು ಭಯವನ್ನು ನಾನು ಅವಳಿಗೆ ಹಚ್ಚಿದೆ. ಏಪ್ರಿಲ್ ಕೊನೆಯ ಹೊತ್ತಿಗೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕುವುದನ್ನು ಬಿಟ್ಟಳು. ಒಳ್ಳೆಯ ದಿನವೂ ಕೆಟ್ಟ ದಿನವೂ ಒಂದೇ ಥರ ಕಾಣುವ ಬರೀ ತಾರೀಖುಗಳು.

ಐದನೆಯ ಇಂಜೆಕ್ಷನ್ನಿಗೆ ಹೋದಾಗ ಡಾಕ್ಟರು ಬಾಗಿಲಲ್ಲೇ ಕೇಳಿದರು: "ಸೋ, ಹೌ ಈಸ್ ಅವರ್ ಲೆಫ್ಟ್-ಹ್ಯಾಂಡೆಡ್ ಚಾಂಪಿಯನ್?" ನಾನು ಇಂಗ್ಲಿಷಿನಲ್ಲಿ, ಅವರಿಗೆ ಈಚೆಗೆ ಸುಸ್ತು, ಆಡುವುದನ್ನು ಬಿಟ್ಟಿದ್ದಾರೆ ಎಂದೆ. ಅವರ ಮುಖ ಸಪ್ಪಗಾಯಿತು. ಅವಳು "ಏನಂದ್ರು?" ಎಂದು ಕೇಳಿದಳು. "ಊಟ ಸರಿಯಾಗಿ ಮಾಡ್ಬೇಕಂತೆ" ಎಂದೆ.

ಮೊದಲನೆಯದು ಒಂದು ಕ್ಷಣದ ಹೇಡಿತನ ಎಂದಾದರೂ ಅನ್ನಬಹುದು. ಈ ಎರಡನೆಯದಕ್ಕೆ ನನಗೆ ಒಂದು ತಿಂಗಳ ಸಮಯವಿತ್ತು.

ಆಡಿದ್ದರೆ ಬದುಕುತ್ತಿದ್ದಳು ಎಂದು ನಾನು ಹೇಳುತ್ತಿಲ್ಲ. ಜುಲೈ ಹೊತ್ತಿಗೆ ಬೆನ್ನು ನೋವು ಶುರುವಾಯಿತು, ಎಕ್ಸ್‌ರೇ ತೆಗೆದು ನೋಡಿದರೆ ಮೂಳೆಗೆ ಇಳಿದಿತ್ತು. ಅದು ಇಳಿಯುವುದೇ ಆಗಿತ್ತು. ಆದರೆ ಏಪ್ರಿಲ್, ಮೇ, ಜೂನ್ — ಆ ಬೆಳಗುಗಳು ಅವಳವು. ಎಳೆಬಿಸಿಲು, ಹಗ್ಗ, ನೀಲಿ ಸ್ಕಾರ್ಫು, ಕಿಟಕಿಯಲ್ಲಿ ಎಣಿಸುವ ಅತ್ತೆ. ಯಾರೂ ಅವಳಿಗೆ ಕೊಟ್ಟದ್ದಲ್ಲ, ಎಡಗೈಯಿಂದ ಅವಳೇ ಸಂಪಾದಿಸಿಕೊಂಡದ್ದು. ಒಂದು ಬೆತ್ತದ ಕುರ್ಚಿಗಾಗಿ ನಾನು ಅವನ್ನು ಕಸಿದೆ.

ಆಗಸ್ಟಿನಲ್ಲಿ ಅವಳ ಅಣ್ಣ ಕಾರು ಮಾಡಿಕೊಂಡು ಬಂದರು, ತವರಿಗೆ ಕರೆದುಕೊಂಡು ಹೋಗಲು. ಎರಡು ತಿಂಗಳಿಗೆ ತಂತಿ ಬಂತು. ನಾನಾಗ ಆರು ತಿಂಗಳ ಬಸುರಿ. ಸಾವಿನ ಮನೆಗೆ ಹೋಗಕೂಡದು ಎಂದು ಅತ್ತೆ ತಡೆದರು. ಹಾಗಾಗಿ ಆಗಸ್ಟಿನ ಆ ಮಧ್ಯಾಹ್ನವೇ ನನಗೆ ಕೊನೆಯದು.

ಹಿಂದಿನ ಸೀಟಿನಲ್ಲಿ ದಿಂಬು ಒರಗಿಸಿ ಅವಳನ್ನು ಕೂರಿಸಿದ್ದರು. ಅತ್ತೆ ಉಪ್ಪಿನಕಾಯಿ ಜಾಡಿಯನ್ನು ಮುಂದಿನ ಸೀಟಿನಲ್ಲಿ ನಿಲ್ಲಿಸಲು ಒದ್ದಾಡುತ್ತಿದ್ದರು. ಭಾವ ಟೈರು ನೋಡುವ ನೆಪದಲ್ಲಿ ಆಚೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ನೀಲಕ್ಕ ಕಿಟಕಿಯಿಂದ ನನ್ನನ್ನು ಹತ್ತಿರ ಕರೆದಳು. ಮಡಿಲಲ್ಲಿ ರಿಂಗು ಇತ್ತು. ಯಾವಾಗ ತೆಗೆದು ಇಟ್ಟುಕೊಂಡಿದ್ದಳೋ.

"ಅವತ್ತು ಡಾಕ್ಟ್ರು ನಗ್ತಾ ಇದ್ರು ಕಣೇ" ಎಂದಳು. "ನಾನ್ ನೋಡ್ದೆ."

ಅಷ್ಟೇ. ಪ್ರಶ್ನೆಯಲ್ಲ. ಸಿಟ್ಟೂ ಇರಲಿಲ್ಲ. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಕಾಯುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ಬಾಯಿ ತೆರೆದೆ. "ಅಕ್ಕ, ಹುಷಾರು" ಎಂದೆ. ಅಷ್ಟೇ ಬಂದದ್ದು — ಪ್ರೈಜು ಗೆದ್ದ ಈ ಬಾಯಿಗೆ.

"ಹೂಂ. ಹಿಂದಕ್ಕೆ ಹೋಗು" ಎಂದಳು. "ಇನ್ನೂ ಹಿಂದಕ್ಕೆ."

ಗೇಟಿನವರೆಗೆ ಹೋದೆ. ಅವಳು ಎಡಗೈಯನ್ನು ಕಿಟಕಿಯಿಂದ ಹೊರಗೆ ಹಾಕಿ, ಮಣಿಕಟ್ಟನ್ನು ಮಾತ್ರ ತಿರುಗಿಸಿ, ಎಸೆದಳು. ಎಷ್ಟು ಚೆನ್ನಾಗಿ ಬಂತು ಅದು! ಅಲುಗದೆ, ಮಟ್ಟಸವಾಗಿ, ನನ್ನ ಎದೆಯ ಎತ್ತರಕ್ಕೆ. ನಾನು ಗಾಬರಿಯಲ್ಲಿ ಎರಡೂ ಕೈ ಚಾಚಿ ಹಿಡಿದೆ.

"ಫೌಲು!" ಎಂದು ಕೂಗಿ ನಕ್ಕಳು. ನಿಜವಾದ ನಗು, ಮಾರ್ಚಿನ ನಗು.

ಕಾರು ಹೊರಟಿತು. ಅವಳು ಕೈಯನ್ನು ಒಳಗೆ ತೆಗೆದುಕೊಳ್ಳಲಿಲ್ಲ. ಬೀದಿಯ ತಿರುವಿನವರೆಗೂ ಆ ಎಡಗೈ ಕಿಟಕಿಯ ಹೊರಗೇ ಇತ್ತು, ಅಂಗೈ ತೆರೆದು, ವಾಪಸು ಬರುವುದಕ್ಕೆ ಕಾಯುವ ಹಾಗೆ. ನಾನು ಗೇಟಿನಲ್ಲಿ, ರಿಂಗನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು, ನಿಂತೇ ಇದ್ದೆ.